ಹೈಬರ್ನೇಟ್ ಲೇಜಿ ಪ್ರಾಕ್ಸಿ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಕಾಲೇಜಿನಲ್ಲಿ ಪ್ರಾಕ್ಸಿ ಹಾಜರಿ ಹಾಕುವುದನ್ನು ನೋಡಿದ್ದೀರಿ ಅಲ್ವಾ? ರೋಲ್ ನಂಬರ್ 42 ಎಂದು ಕೂಗಿದಾಗ ಹಿಂದಿನ ಬೆಂಚಿನಿಂದ ಬೇರೆ ಯಾರೋ "ಎಸ್ ಸರ್" ಅನ್ನುತ್ತಾರೆ. ಹಾಗೆ ಅಂದವನಿಗೆ ಆ ನಂಬರ್ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಮೇಷ್ಟ್ರು ಎಬ್ಬಿಸಿ ಪ್ರಶ್ನೆ ಕೇಳಿದರೆ ಆಗ ನಿಜವಾದ ಹುಡುಗನಿಗೆ ಫೋನ್ ಮಾಡಿ ಉತ್ತರ ತರಿಸಬೇಕು. ಜಾವಾ ಆಬ್ಜೆಕ್ಟುಗಳನ್ನು ಡೇಟಾಬೇಸ್ ಟೇಬಲ್ಲುಗಳಿಗೆ ಜೋಡಿಸುವ ಲೈಬ್ರರಿ ಹೈಬರ್ನೇಟ್. ಅದರ ಲೇಜಿ ಪ್ರಾಕ್ಸಿ ಮಾಡುವುದು ಇದನ್ನೇ. ಡೇಟಾಬೇಸಿನಿಂದ ಆಬ್ಜೆಕ್ಟ್ ತರುವ ಬದಲು ಐಡಿ ಒಂದನ್ನೇ ಇಟ್ಟುಕೊಂಡ ಒಂದು ಬದಲಿ ಆಬ್ಜೆಕ್ಟನ್ನು ನಿಮ್ಮ ಕೈಗೆ ಕೊಡುತ್ತದೆ. ನೀವು ಹೆಸರೋ ಊರೋ ಕೇಳಿದಾಗ ಮಾತ್ರ ಕ್ವೆರಿ ಹೋಗುತ್ತದೆ. ಆ ಫೋನ್ ಲೈನೇ ಸೆಷನ್. ಲೈನ್ ಕಟ್ ಆದ ಮೇಲೆ ಪ್ರಶ್ನೆ ಕೇಳಿದರೆ ಎಕ್ಸೆಪ್ಶನ್ ಬರುತ್ತದೆ.

ಈ ಬದಲಿ ಆಬ್ಜೆಕ್ಟ್ ನಿಮ್ಮ ಎಂಟಿಟಿ ಕ್ಲಾಸಿನದೇ (ಅಂದರೆ ಒಂದು ಟೇಬಲ್ಲಿಗೆ ಜೋಡಿಸಿದ ಕ್ಲಾಸಿನದೇ) ಒಂದು ಸಬ್‌ಕ್ಲಾಸ್. ಅದನ್ನು ನೀವು ಬರೆದಿಲ್ಲ, ಅಪ್ಲಿಕೇಶನ್ ಓಡುವಾಗಲೇ ಅದು ತಯಾರಾಗುತ್ತದೆ. ಹೈಬರ್ನೇಟ್ 5.3 ರಿಂದ ಡೀಫಾಲ್ಟ್ ಆಗಿ ಬೈಟ್ ಬಡ್ಡಿ ಎಂಬ ಲೈಬ್ರರಿ ಆ ಕೆಲಸ ಮಾಡುತ್ತದೆ, ಅದಕ್ಕೂ ಮುಂಚೆ ಜಾವಾಸಿಸ್ಟ್ ಮಾಡುತ್ತಿತ್ತು. ಸಬ್‌ಕ್ಲಾಸ್ ಅನ್ನುವ ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ಕೆಳಗೆ ಬರುವ ದೋಷಗಳಲ್ಲಿ ಎಷ್ಟೋ ಇದರಿಂದಲೇ ಹುಟ್ಟುತ್ತವೆ.

ಇನ್ನೊಂದು ಮಾತು. ಸಾಮಾನ್ಯ ಬಗ್‌ನಲ್ಲಿ ತಪ್ಪಾದ ಜಾಗ, ತಪ್ಪು ಕಾಣುವ ಜಾಗ ಹತ್ತಿರ ಹತ್ತಿರ ಇರುತ್ತವೆ. ಲೇಜಿ ಪ್ರಾಕ್ಸಿಯಲ್ಲಿ ಹಾಗಲ್ಲ. ಪ್ರಾಕ್ಸಿ ಒಂದು ಕಡೆ ಹುಟ್ಟುತ್ತದೆ, ಹತ್ತು ಮೆಥಡ್ ದಾಟಿ ಹೋಗುತ್ತದೆ, ಮತ್ತೆಲ್ಲೋ ಯಾರೋ ಮುಟ್ಟಿದಾಗ ಒಡೆಯುತ್ತದೆ. ಅದಕ್ಕೇ ಪ್ರತಿ ಲಕ್ಷಣಕ್ಕೂ ಎರಡು ಪ್ರಶ್ನೆ ಕೇಳಿ. ಈ ಆಬ್ಜೆಕ್ಟನ್ನು ತಂದವರು ಯಾರು? ಮೊದಲು ಮುಟ್ಟಿದವರು ಯಾರು?

ಉದಾಹರಣೆಗೆ ನಾನೇ ಕೆಲಸ ಮಾಡಿದ, ಹಾಲಿನ ಸಂಘದ ಲೆಕ್ಕ ಇಡುವ ಒಂದು ಅಪ್ಲಿಕೇಶನ್ ತಗೊಳ್ಳುತ್ತೇನೆ. ಸದಸ್ಯ ಒಂದು ಎಂಟಿಟಿ. ದಿನಾ ಬೆಳಿಗ್ಗೆ, ಸಂಜೆ ಅಳೆದ ಹಾಲಿನ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬರೆದಿಡುವುದು ಎಂಟ್ರಿ. ಒಂದೊಂದು ಎಂಟ್ರಿಯೂ ಒಬ್ಬ ಸದಸ್ಯನನ್ನು ಲೇಜಿ ಆಗಿ ತೋರಿಸುತ್ತದೆ.

## ಏನನ್ನೂ ಬದಲಿಸುವ ಮೊದಲು ಲಾಗ್ ಹಾಕಿ

ಖರ್ಚಿಲ್ಲದ ಪರೀಕ್ಷೆ ಇದು. ನಿಮ್ಮ ಸ್ವಂತ ಮೆಷೀನಿನಲ್ಲಿ ಆರ್ಗ್.ಹೈಬರ್ನೇಟ್.ಎಸ್‌ಕ್ಯೂಎಲ್ ಲಾಗರನ್ನು ಡೀಬಗ್ ಮಟ್ಟಕ್ಕೆ ಇಡಿ. ಕೆಟ್ಟ ಪುಟವನ್ನು ಒಂದೇ ಒಂದು ಸಲ ತೆರೆಯಿರಿ. ಎಷ್ಟು ಸೆಲೆಕ್ಟ್ ಬಂತು, ಯಾವ ಕ್ಷಣದಲ್ಲಿ ಬಂತು, ಎಣಿಸಿ. ಒಂದೇ ಥರದ ಸೆಲೆಕ್ಟ್ ಸಾಲಾಗಿ ಬಂದರೆ ಅದು ನಿಧಾನದ ಕಾಯಿಲೆ. ಸೆಲೆಕ್ಟ್ ಬರಬೇಕಾದ ಜಾಗದಲ್ಲಿ ಎಕ್ಸೆಪ್ಶನ್ ಬಂದರೆ ಸೆಷನ್ ಮುಚ್ಚಿದೆ. ನೀವು ಕೇಳದ ಟೇಬಲ್ಲಿನ ಸೆಲೆಕ್ಟ್ ಬಂದರೆ ಯಾರೋ ಗೊತ್ತಿಲ್ಲದೆ ಪ್ರಾಕ್ಸಿಯನ್ನು ಮುಟ್ಟಿದ್ದಾರೆ.

ಎಚ್ಚರಿಕೆ: ಪ್ರೊಡಕ್ಷನ್‌ನಲ್ಲಿ ಇದನ್ನು ಹಾಕಿ ಮರೆಯಬೇಡಿ. ಡಿಸ್ಕ್ ತುಂಬುತ್ತದೆ. ಕ್ವೆರಿಯ ಬೈಂಡ್ ಬೆಲೆಗಳನ್ನು ತೋರಿಸುವ ಲಾಗರನ್ನಂತೂ ಅಲ್ಲಿ ಹಾಕಲೇಬೇಡಿ. ಜನರ ಫೋನ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಲಾಗ್ ಫೈಲಿಗೆ ಹೋಗಿ ಕೂರುತ್ತವೆ.

## "ನೋ ಸೆಷನ್" ಎಂದು ಎಕ್ಸೆಪ್ಶನ್ ಬರುತ್ತಿದೆ

ಎಲ್ಲರೂ ಮೊದಲು ಎಡವುವುದು ಇಲ್ಲೇ. ಹೆಸರು ಲೇಜಿ ಇನಿಷಿಯಲೈಸೇಶನ್ ಎಕ್ಸೆಪ್ಶನ್. ಮೊದಲು ಸಂದೇಶವನ್ನು ಪೂರ್ತಿ ಓದಿ, ಅದರಲ್ಲಿ ಎರಡು ಬಗೆ ಇದೆ. "ಕುಡ್ ನಾಟ್ ಇನಿಷಿಯಲೈಸ್ ಪ್ರಾಕ್ಸಿ" ಎಂದು ಶುರುವಾಗಿ ಕ್ಲಾಸಿನ ಹೆಸರು ಮತ್ತು ಐಡಿ ಕೊಟ್ಟಿದ್ದರೆ ಒಂಟಿ ಆಬ್ಜೆಕ್ಟಿನ ಪ್ರಾಕ್ಸಿ, ಅಂದರೆ ಎಂಟ್ರಿಯಿಂದ ಸದಸ್ಯನ ಕಡೆಗೆ ಹೋದದ್ದು. "ಫೇಲ್ಡ್ ಟು ಲೇಜಿಲಿ ಇನಿಷಿಯಲೈಸ್ ಎ ಕಲೆಕ್ಷನ್ ಆಫ್ ರೋಲ್" ಎಂದಿದ್ದರೆ ಲಿಸ್ಟ್ ಅಥವಾ ಸೆಟ್, ಅಂದರೆ ಸದಸ್ಯನಿಂದ ಅವನ ಎಂಟ್ರಿಗಳ ಕಡೆಗೆ ಹೋದದ್ದು. ಯಾವ ಫೀಲ್ಡ್ ಅಂತ ಆ ಸಾಲಿನಲ್ಲೇ ಬರೆದಿರುತ್ತದೆ.

ಆಮೇಲೆ ಸ್ಟಾಕ್ ಟ್ರೇಸಿನಲ್ಲಿ ಕೆಳಗಿಳಿಯುತ್ತಾ ನಿಮ್ಮ ಸ್ವಂತ ಪ್ಯಾಕೇಜಿನ ಮೊದಲ ಸಾಲನ್ನು ಹುಡುಕಿ. ಪ್ರಾಕ್ಸಿಯನ್ನು ಮುಟ್ಟಿದ್ದು ಅಲ್ಲಿ. ಆ ಸಾಲು ಓಡುವಾಗ ಟ್ರಾನ್ಸಾಕ್ಷನ್ ತೆರೆದಿತ್ತಾ? ಬಹಳ ಜನ "ಟ್ರಾನ್ಸಾಕ್ಷನಲ್ ಅನೋಟೇಶನ್ ಹಾಕಿದ್ದೀನಲ್ಲ" ಅನ್ನುತ್ತಾರೆ. ಹಾಕಿದ್ದು ನಿಜವೇ, ಆದರೆ ಅದು ಕೆಲಸ ಮಾಡುತ್ತಿದೆಯಾ ಎಂದು ನೋಡಬೇಕು.

ಇದನ್ನು ನಾನು ಕಲಿತದ್ದು ಒಂದು ರಾತ್ರಿ ಓಡುವ ಜಾಬ್‌ನಿಂದ. ಬಟವಾಡೆಗೆ ಮುಂಚೆ ಪ್ರತಿ ಸದಸ್ಯನಿಗೆ ಎಷ್ಟು ದುಡ್ಡು ಹೋಗಬೇಕು ಎಂದು ಲೆಕ್ಕ ಹಾಕುವ ಒಂದು ಸರ್ವಿಸ್ ಇತ್ತು. ಬ್ರೌಸರಿನಿಂದ ಬಟನ್ ಒತ್ತಿದರೆ ಸರಿಯಾಗಿ ಲೆಕ್ಕ ಬರುತ್ತಿತ್ತು. ಅದೇ ಕೋಡನ್ನು ಶೆಡ್ಯೂಲರ್ ರಾತ್ರಿ ಓಡಿಸಿದರೆ ಮೊದಲ ಎಂಟ್ರಿಯಲ್ಲೇ "ನೋ ಸೆಷನ್". ಎರಡು ದಿನ ಶೆಡ್ಯೂಲರಿನಲ್ಲೇ ಏನೋ ತಪ್ಪಿದೆ ಎಂದು ಹುಡುಕಿದೆ. ಶೆಡ್ಯೂಲರಿನಲ್ಲಿ ಏನೂ ತಪ್ಪಿರಲಿಲ್ಲ. ಟ್ರಾನ್ಸಾಕ್ಷನಲ್ ಹಾಕಿದ ಮೆಥಡನ್ನು ಅದೇ ಕ್ಲಾಸಿನ ಇನ್ನೊಂದು ಮೆಥಡ್ ಕರೆಯುತ್ತಿತ್ತು. ಅಪ್ಲಿಕೇಶನ್ ಕಟ್ಟಲು ಬಳಸಿದ ಸ್ಪ್ರಿಂಗ್ ಫ್ರೇಮ್‌ವರ್ಕ್ ಕೂಡ ಟ್ರಾನ್ಸಾಕ್ಷನ್ ತೆರೆಯುವುದು ತನ್ನದೇ ಒಂದು ಪ್ರಾಕ್ಸಿ ಮೂಲಕ. ಹೊರಗಿನಿಂದ ಬಂದ ಕರೆ ಮಾತ್ರ ಆ ಪ್ರಾಕ್ಸಿಯನ್ನು ಹಾದು ಬರುತ್ತದೆ, ಮನೆಯೊಳಗಿನ ಕರೆ ಬಾಗಿಲು ದಾಟುವುದೇ ಇಲ್ಲ. ಹಾಗಾಗಿ ಎರಡೂ ದಾರಿಯಲ್ಲಿ ಟ್ರಾನ್ಸಾಕ್ಷನ್ ಇರಲಿಲ್ಲ. ಮತ್ತೆ ಬ್ರೌಸರಿನಿಂದ ಹೇಗೆ ನಡೆಯುತ್ತಿತ್ತು? ಸ್ಪ್ರಿಂಗ್ ಬೂಟ್‌ನಲ್ಲಿ ಓಪನ್ ಇನ್ ವ್ಯೂ ಎಂಬ ಸೆಟ್ಟಿಂಗ್ ಡೀಫಾಲ್ಟ್ ಆಗಿ ಆನ್ ಇರುತ್ತದೆ. ವೆಬ್ ರಿಕ್ವೆಸ್ಟ್ ಶುರುವಾದಾಗ ಸೆಷನ್ ತೆರೆದು, ಮುಗಿಯುವವರೆಗೂ ಮುಚ್ಚದೆ ಇಟ್ಟುಕೊಳ್ಳುತ್ತದೆ. ರಾತ್ರಿಯ ಜಾಬ್‌ಗೆ ವೆಬ್ ರಿಕ್ವೆಸ್ಟೇ ಇಲ್ಲ. ಹಗಲು ಮುಚ್ಚಿಹೋಗಿದ್ದ ತಪ್ಪು ರಾತ್ರಿ ಕಾಣಿಸಿಕೊಂಡಿತು, ಅಷ್ಟೇ.

ಹಾಗಾಗಿ ಈ ಕ್ರಮದಲ್ಲಿ ನೋಡಿ. ಟ್ರಾನ್ಸಾಕ್ಷನಲ್ ಮೆಥಡನ್ನು ಬೇರೆ ಬೀನ್ (ಸ್ಪ್ರಿಂಗ್ ನೋಡಿಕೊಳ್ಳುವ ಆಬ್ಜೆಕ್ಟ್) ಕರೆಯುತ್ತಿದೆಯಾ ಅಥವಾ ಅದೇ ಕ್ಲಾಸಾ? ಮೆಥಡ್ ಪ್ರೈವೇಟ್ ಆಗಿದೆಯಾ? ಆಬ್ಜೆಕ್ಟನ್ನು ಸ್ಪ್ರಿಂಗ್ ಕೊಟ್ಟಿದ್ದಾ, ನೀವೇ ನ್ಯೂ ಎಂದು ಮಾಡಿಕೊಂಡಿದ್ದಾ? ಎಂಟಿಟಿಯನ್ನು ಎಸಿಂಕ್ ಮೆಥಡಿಗೋ ಪ್ಯಾರಲಲ್ ಸ್ಟ್ರೀಮಿಗೋ ಕೊಟ್ಟಿದ್ದೀರಾ? ಸೆಷನ್ ಒಂದು ಥ್ರೆಡ್ಡಿಗೆ ಸೇರಿದ್ದು. ಇನ್ನೊಂದು ಥ್ರೆಡ್ಡಿನಿಂದ ಪ್ರಾಕ್ಸಿ ಮುಟ್ಟಿದರೆ ಒಮ್ಮೆ "ನೋ ಸೆಷನ್" ಬರುತ್ತದೆ, ಒಮ್ಮೆ ತಲೆಬುಡ ಇಲ್ಲದ ಬೇರೆ ತಪ್ಪು ಬರುತ್ತದೆ, ಒಮ್ಮೊಮ್ಮೆ ಸುಮ್ನೆ ನಡೆದುಬಿಡುತ್ತದೆ. ಬೇರೆ ಥ್ರೆಡ್ಡಿಗೆ ಎಂಟಿಟಿ ಕೊಡಬೇಡಿ, ಐಡಿ ಕೊಡಿ. ಅಲ್ಲಿ ಹೊಸದಾಗಿ ತರಲಿ.

ಸರಿಪಡಿಸುವುದು ಹೇಗೆ? ಆ ಕೆಲಸಕ್ಕೆ ಬೇಕಾದ್ದನ್ನು ಸೆಷನ್ ತೆರೆದಿರುವಾಗಲೇ ಒಟ್ಟಿಗೆ ತನ್ನಿ. ಕ್ವೆರಿಯಲ್ಲಿ ಜಾಯಿನ್ ಫೆಚ್ ಬರೆಯಿರಿ, ಅಥವಾ ಎಂಟಿಟಿ ಗ್ರಾಫ್ (ಯಾವುದನ್ನೆಲ್ಲ ಜೊತೆಗೆ ತರಬೇಕು ಎಂಬ ಪಟ್ಟಿ) ಕೊಡಿ. ಪುಟಕ್ಕೆ ನಾಲ್ಕೇ ಕಾಲಮ್ ಸಾಕು ಅಂದರೆ ಎಂಟಿಟಿ ಬಿಟ್ಟು ನಾಲ್ಕು ಫೀಲ್ಡಿನ ಡಿಟಿಒ, ಅಂದರೆ ಡೇಟಾ ಸಾಗಿಸಲು ಮಾತ್ರ ಇರುವ ಸರಳ ಆಬ್ಜೆಕ್ಟ್, ತನ್ನಿ. ನನಗೆ ಮೂರನೆಯದೇ ಇಷ್ಟ. ಪ್ರಾಕ್ಸಿಯೇ ಇಲ್ಲದ ಕಡೆ ಪ್ರಾಕ್ಸಿ ಒಡೆಯುವ ಮಾತೇ ಬರುವುದಿಲ್ಲ.

ಎರಡು ಅಡ್ಡದಾರಿ ಇವೆ, ಎರಡನ್ನೂ ಹಿಡಿಯಬೇಡಿ. ಒಂದು, ಎಲ್ಲವನ್ನೂ ಈಗರ್ ಮಾಡುವುದು, ಅಂದರೆ ಮುಟ್ಟುವವರೆಗೆ ಕಾಯದೆ ಆಗಲೇ ತರಿಸುವುದು. ಇವತ್ತಿನ ಎಕ್ಸೆಪ್ಶನ್ ಹೋಗುತ್ತದೆ, ನಾಳೆಯಿಂದ ಒಂದು ಎಂಟ್ರಿ ಕೇಳಿದರೆ ಅರ್ಧ ಡೇಟಾಬೇಸ್ ಬರುತ್ತದೆ. ಇನ್ನೊಂದು, ಎನೇಬಲ್ ಲೇಜಿ ಲೋಡ್ ನೋ ಟ್ರಾನ್ಸ್ ಎಂಬ ಹೈಬರ್ನೇಟ್ ಸೆಟ್ಟಿಂಗ್. ಅದನ್ನು ಹಾಕಿದರೆ ಸೆಷನ್ ಮುಚ್ಚಿದ ಮೇಲೆ ಪ್ರಾಕ್ಸಿ ಮುಟ್ಟಿದಾಗೆಲ್ಲ ಒಂದು ತಾತ್ಕಾಲಿಕ ಸೆಷನ್ ತೆರೆಯುತ್ತದೆ. ಪ್ರತಿ ಮುಟ್ಟುವಿಕೆಯೂ ಬೇರೆ ಬೇರೆ ಕ್ಷಣದ ಡೇಟಾ ನೋಡುತ್ತದೆ. ದುಡ್ಡಿನ ಲೆಕ್ಕದಲ್ಲಿ ಮೊದಲ ಸಾಲು ಒಂದು ಹೊತ್ತಿನದು, ಎರಡನೇ ಸಾಲು ಇನ್ನೊಂದು ಹೊತ್ತಿನದು ಆದರೆ ಯಾರಿಗೆ ಉತ್ತರ ಹೇಳುತ್ತೀರಿ?

## ತಪ್ಪಿಲ್ಲ, ಆದರೆ ಪುಟ ತೆರೆಯಲು ಸಿಕ್ಕಾಪಟ್ಟೆ ಹೊತ್ತು

ಲಾಗ್ ನೋಡಿ. ಒಂದು ಸೆಲೆಕ್ಟ್ ಎಂಟ್ರಿಗಳಿಗೆ, ಅದರ ಹಿಂದೆ ಸದಸ್ಯ ಟೇಬಲ್ಲಿಗೆ ಒಂದೇ ಥರದ ಸೆಲೆಕ್ಟ್ ಸಾಲು ಸಾಲಾಗಿ. 200 ಎಂಟ್ರಿ, 200 ಬೇರೆ ಬೇರೆ ಸದಸ್ಯರು ಅಂದರೆ ಒಟ್ಟು 201 ಕ್ವೆರಿ. ಇದಕ್ಕೇ ಎನ್ ಪ್ಲಸ್ ಒನ್ ಅನ್ನುತ್ತಾರೆ. ಒಬ್ಬನೇ ಸದಸ್ಯ ಹಲವು ಸಲ ಬಂದರೆ ಸೆಷನ್ ಅವನನ್ನು ಒಮ್ಮೆ ಮಾತ್ರ ತರುತ್ತದೆ. ಅದಕ್ಕೇ ಟೆಸ್ಟ್ ಡೇಟಾದಲ್ಲಿ ಮೂರು ಸದಸ್ಯರನ್ನು ಇಟ್ಟುಕೊಂಡು ನೋಡಿದರೆ ಈ ಕಾಯಿಲೆ ಕಾಣುವುದೇ ಇಲ್ಲ. ನಿಮ್ಮ ಮೆಷೀನಿನಲ್ಲಿ ವೇಗವಾಗಿದೆ, ಸಂಘದಲ್ಲಿ ನಿಧಾನ ಎಂಬ ದೂರು ಬಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಸುಲಭದ ಮದ್ದು ಬ್ಯಾಚ್. ಹೈಬರ್ನೇಟ್‌ನ ಡೀಫಾಲ್ಟ್ ಬ್ಯಾಚ್ ಫೆಚ್ ಸೈಜನ್ನು 25 ಕ್ಕೆ ಇಟ್ಟರೆ ಒಂದು ಪ್ರಾಕ್ಸಿ ಮುಟ್ಟಿದಾಗ ಸೆಷನ್‌ನಲ್ಲಿ ಕಾದು ಕೂತಿರುವ ಇನ್ನೂ 24 ಪ್ರಾಕ್ಸಿಗಳ ಡೇಟಾ ಒಟ್ಟಿಗೆ ಬರುತ್ತದೆ. 200 ಕ್ವೆರಿ 8 ಕ್ಕೆ ಇಳಿಯುತ್ತದೆ, ಮೊದಲನೆಯದು ಸೇರಿ 9. ಕೋಡಿನಲ್ಲಿ ಒಂದು ಸಾಲೂ ಬದಲಾಗುವುದಿಲ್ಲ. ಆ ಪುಟಕ್ಕೆ ಸದಸ್ಯ ಯಾವಾಗಲೂ ಬೇಕೇ ಬೇಕು ಅಂದರೆ ಜಾಯಿನ್ ಫೆಚ್ ಬರೆದು ಒಂದೇ ಕ್ವೆರಿ ಮಾಡಿ.

ಈಗರ್ ಮಾಡಿದರೆ ಇದು ಹೋಗುತ್ತದೆ ಎಂದು ಕೆಲವರು ನಂಬಿದ್ದಾರೆ. ಹೋಗುವುದಿಲ್ಲ. ನೀವು ಬರೆದ ಜೆಪಿಕ್ಯೂಎಲ್ (ಎಂಟಿಟಿಗಳ ಮೇಲೆ ಕ್ವೆರಿ ಬರೆಯುವ ಭಾಷೆ) ಕ್ವೆರಿಯಲ್ಲಿ ಫೆಚ್ ಇಲ್ಲದಿದ್ದರೆ ಹೈಬರ್ನೇಟ್ ಆ ಕ್ವೆರಿ ಓಡಿಸಿ, ಈಗರ್ ಎಂದು ಮಾತು ಕೊಟ್ಟದ್ದನ್ನು ಉಳಿಸಿಕೊಳ್ಳಲು ಮತ್ತೆ ಒಂದೊಂದಾಗಿ ಸದಸ್ಯರನ್ನು ತರುತ್ತದೆ. ಅದೇ 201. ಈ ಸಲ ನೀವು ಸದಸ್ಯನನ್ನು ಮುಟ್ಟದಿದ್ದರೂ 201.

ಜಾಯಿನ್ ಫೆಚ್ ಬರೆಯುವಾಗ ಎರಡು ಕಡೆ ಹುಷಾರು. ಒಂದೇ ಕ್ವೆರಿಯಲ್ಲಿ ಎರಡು ಲಿಸ್ಟ್ ಫೆಚ್ ಮಾಡಿದರೆ ಮಲ್ಟಿಪಲ್ ಬ್ಯಾಗ್ ಫೆಚ್ ಎಕ್ಸೆಪ್ಶನ್ ಬರುತ್ತದೆ. ಲಿಸ್ಟನ್ನು ಸೆಟ್ ಮಾಡಿದರೆ ಎಕ್ಸೆಪ್ಶನ್ ಹೋಗುತ್ತದೆ, ಭಾರ ಹೋಗುವುದಿಲ್ಲ: ಸದಸ್ಯನಿಗೆ 40 ಎಂಟ್ರಿ, 30 ಪಾವತಿ ಇದ್ದರೆ ಡೇಟಾಬೇಸಿನಿಂದ 1200 ಸಾಲು ಬರುತ್ತದೆ. ಎರಡು ಕ್ವೆರಿ ಮಾಡಿಬಿಡಿ. ಇನ್ನೊಂದು, ಕಲೆಕ್ಷನ್ ಫೆಚ್ ಜೊತೆ ಪೇಜಿಂಗ್ ಹಾಕಬೇಡಿ. "ಅಪ್ಲೈಯಿಂಗ್ ಇನ್ ಮೆಮರಿ" ಎಂಬ ಎಚ್ಚರಿಕೆ ಲಾಗ್‌ನಲ್ಲಿ ಕಂಡರೆ, ನೀವು 20 ಸಾಲು ಕೇಳಿದ್ದೀರಿ, ಹೈಬರ್ನೇಟ್ ಎಲ್ಲವನ್ನೂ ಮೆಮರಿಗೆ ತಂದು ಅಲ್ಲಿ 20 ಎಣಿಸಿ ಕೊಡುತ್ತಿದೆ ಎಂದರ್ಥ. ಟೇಬಲ್ ಬೆಳೆದ ದಿನ ಸರ್ವರ್ ಬೀಳುತ್ತದೆ.

## ಡೀಬಗರ್ ಹಾಕಿದರೆ ಸರಿ, ಹಾಗೇ ಓಡಿಸಿದರೆ ತಪ್ಪು

ಕಂಗಾಲು ಮಾಡುವ ಲಕ್ಷಣ ಇದು, ಆದರೆ ಕಾರಣ ಬಹಳ ಸರಳ. ಡೀಬಗರ್ ಕಿಟಕಿ ಆಬ್ಜೆಕ್ಟನ್ನು ನಿಮಗೆ ತೋರಿಸಲು ಅದರ ಟೂಸ್ಟ್ರಿಂಗ್ ಕರೆಯುತ್ತದೆ. ಆ ಕರೆ ಪ್ರಾಕ್ಸಿಯನ್ನು ಮುಟ್ಟಿದಂತೆಯೇ. ಸೆಷನ್ ಇನ್ನೂ ತೆರೆದಿರುವಾಗ ಬ್ರೇಕ್‌ಪಾಯಿಂಟಿನಲ್ಲಿ ನಿಂತು ನೋಡಿದ್ದರಿಂದ ಡೇಟಾ ಬಂದು ತುಂಬಿಕೊಂಡಿತು, ಮುಂದೆ ಎಲ್ಲ ಸರಿಹೋಯಿತು. ಬ್ರೇಕ್‌ಪಾಯಿಂಟ್ ತೆಗೆದರೆ ಯಾರೂ ಮುಟ್ಟಲಿಲ್ಲ, ಸೆಷನ್ ಮುಚ್ಚಿತು, ಒಡೆಯಿತು.

ನೀವೇ ಪರೀಕ್ಷೆ ಮಾಡಿ ನೋಡಬಹುದು. ಸದಸ್ಯನನ್ನು ಇನ್ನೂ ಮುಟ್ಟದ ಸಾಲಿನಲ್ಲಿ ನಿಲ್ಲಿಸಿ, ಎಸ್‌ಕ್ಯೂಎಲ್ ಲಾಗನ್ನು ಪಕ್ಕದಲ್ಲೇ ತೆರೆದಿಟ್ಟುಕೊಳ್ಳಿ. ವೇರಿಯಬಲ್ ಕಿಟಕಿಯಲ್ಲಿ ಎಂಟ್ರಿಯನ್ನು ಬಿಚ್ಚಿದ ತಕ್ಷಣ ಸದಸ್ಯ ಟೇಬಲ್ಲಿನ ಸೆಲೆಕ್ಟ್ ಲಾಗ್‌ನಲ್ಲಿ ಬಂದು ಬೀಳುತ್ತದೆ. ಪ್ರೋಗ್ರಾಂ ಒಂದು ಸಾಲೂ ಮುಂದೆ ಹೋಗಿಲ್ಲ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಆಮೇಲೆ ಲೇಜಿ ದೋಷಕ್ಕೆ ಡೀಬಗರ್ ನಂಬುವುದಿಲ್ಲ, ಲಾಗ್ ನಂಬುತ್ತಾರೆ. ಡೀಬಗರ್ ಬೇಕೇ ಬೇಕು ಅಂದರೆ ಅದರ ಸೆಟ್ಟಿಂಗಿನಲ್ಲಿ ಟೂಸ್ಟ್ರಿಂಗ್ ತೋರಿಸುವುದನ್ನು ಆಫ್ ಮಾಡಿ. ಮುಟ್ಟದೆಯೇ ಪ್ರಾಕ್ಸಿ ತುಂಬಿದೆಯಾ ಎಂದು ತಿಳಿಯಲು ಹೈಬರ್ನೇಟ್ ಕ್ಲಾಸಿನ ಈಸ್ ಇನಿಷಿಯಲೈಸ್ಡ್ ಮೆಥಡ್ ಇದೆ. ಅದು ಕ್ವೆರಿ ಕಳಿಸುವುದಿಲ್ಲ.

ಇದೇ ಕಾರಣಕ್ಕೆ, ಮಾಮೂಲಿ ಮೆಥಡ್‌ಗಳನ್ನು ತಾನೇ ಬರೆದುಕೊಡುವ ಲೊಂಬಾಕ್ ಲೈಬ್ರರಿಯ ಡೇಟಾ ಅನೋಟೇಶನನ್ನು ಎಂಟಿಟಿ ಮೇಲೆ ಹಾಕಬೇಡಿ. ಅದು ಬರೆದುಕೊಡುವ ಟೂಸ್ಟ್ರಿಂಗ್, ಹ್ಯಾಶ್‌ಕೋಡ್ ಎರಡೂ ಎಲ್ಲ ಫೀಲ್ಡುಗಳನ್ನು ಮುಟ್ಟುತ್ತವೆ. ಒಂದು ಲಾಗ್ ಸಾಲು ಬರೆದದ್ದಕ್ಕೆ ಹತ್ತು ಕ್ವೆರಿ ಹೋಗುತ್ತದೆ. ಸದಸ್ಯ ಎಂಟ್ರಿಯನ್ನು, ಎಂಟ್ರಿ ಸದಸ್ಯನನ್ನು ಕರೆಯುತ್ತಾ ಸ್ಟಾಕ್ ಓವರ್‌ಫ್ಲೋ ಆಗುವುದೂ ಇದರಿಂದಲೇ.

## ಫೀಲ್ಡ್‌ಗಳೆಲ್ಲ ನಲ್, ಆದರೆ ಡೇಟಾಬೇಸಿನಲ್ಲಿ ಡೇಟಾ ಇದೆ

ಪ್ರಾಕ್ಸಿ ಸಬ್‌ಕ್ಲಾಸ್ ಎಂದು ಮೊದಲೇ ಹೇಳಿದೆ. ಅದಕ್ಕೂ ನಿಮ್ಮ ಕ್ಲಾಸಿನ ಫೀಲ್ಡುಗಳು ಇವೆ, ಆದರೆ ಅವು ಎಂದೂ ತುಂಬುವುದಿಲ್ಲ. ನಿಜವಾದ ಡೇಟಾ ಪ್ರಾಕ್ಸಿಯ ಒಳಗಿನ ಇಂಟರ್ಸೆಪ್ಟರ್ ಹಿಡಿದುಕೊಂಡ ಟಾರ್ಗೆಟ್ ಆಬ್ಜೆಕ್ಟಿನಲ್ಲಿ ಇರುತ್ತದೆ. ಗೆಟ್ಟರ್ ಕರೆದರೆ ಅಲ್ಲಿಗೆ ಹೋಗುತ್ತದೆ. ಫೀಲ್ಡನ್ನು ನೇರವಾಗಿ ಓದಿದರೆ ಖಾಲಿ ಡಬ್ಬಿ ಸಿಗುತ್ತದೆ.

ಹಾಗಾಗಿ ಮೊದಲು ಹುಡುಕಬೇಕಾದ್ದು ಈಕ್ವಲ್ಸ್ ಮೆಥಡ್. ಅದರಲ್ಲಿ ಎದುರಿನ ಆಬ್ಜೆಕ್ಟಿನ ಐಡಿಯನ್ನು ಚುಕ್ಕಿ ಇಟ್ಟು ನೇರ ಫೀಲ್ಡಾಗಿ ಓದಿದ್ದೀರಾ? ಗೆಟ್ಟರಿಗೆ ಬದಲಿಸಿ. ಈಗಿನ ಹೈಬರ್ನೇಟ್‌ನಲ್ಲಿ ಡೀಫಾಲ್ಟ್ ಆಗಿ ಐಡಿಯ ಗೆಟ್ಟರ್ ಕರೆದರೆ ಕ್ವೆರಿ ಹೋಗುವುದಿಲ್ಲ, ಐಡಿ ಪ್ರಾಕ್ಸಿ ಹತ್ತಿರವೇ ಇದೆ. ಜೊತೆಗೆ ಈಕ್ವಲ್ಸ್ ಒಳಗೆ ಗೆಟ್‌ಕ್ಲಾಸ್ ಹೋಲಿಸಿದ್ದರೆ ಅದನ್ನೂ ತೆಗೆಯಿರಿ. ಒಂದು ಕಡೆ ಸದಸ್ಯ, ಇನ್ನೊಂದು ಕಡೆ ಹೈಬರ್ನೇಟ್ ಪ್ರಾಕ್ಸಿ ಎಂದು ಬಾಲ ಇರುವ ಸದಸ್ಯ ಸಬ್‌ಕ್ಲಾಸ್. ಒಬ್ಬನೇ ಮನುಷ್ಯ, ಆದರೂ ಸಮ ಅಲ್ಲ ಎಂಬ ಉತ್ತರ ಬರುತ್ತದೆ. ಲಿಸ್ಟಿನಲ್ಲಿ ಕಣ್ಣಿಗೆ ಕಾಣುತ್ತಿರುವ ಸದಸ್ಯನನ್ನು ಕಂಟೇನ್ಸ್ ಇಲ್ಲ ಅನ್ನುತ್ತಿದ್ದರೆ ಕಾರಣ ಇದೇ ಇರುತ್ತದೆ. ಇನ್‌ಸ್ಟನ್ಸ್‌ಆಫ್ ಬಳಸಿ, ಅಥವಾ ಹೈಬರ್ನೇಟ್ ಕ್ಲಾಸಿನದೇ ಗೆಟ್‌ಕ್ಲಾಸ್ ಬಳಸಿ. ಈ ಎರಡನೆಯದು ಪ್ರಾಕ್ಸಿಯನ್ನು ತುಂಬಿಸಬಹುದು ಎನ್ನುವುದು ಗೊತ್ತಿರಲಿ.

ಎರಡನೇ ಕಾರಣ ಫೈನಲ್ ಮೆಥಡ್. ಫೈನಲ್ ಆದ ಮೆಥಡನ್ನು ಸಬ್‌ಕ್ಲಾಸ್ ಬದಲಿಸಲಾರದು. ಹಾಗಾಗಿ ಅದು ಪ್ರಾಕ್ಸಿಯ ಖಾಲಿ ಫೀಲ್ಡುಗಳ ಮೇಲೇ ಓಡುತ್ತದೆ. ತಪ್ಪೂ ಬರುವುದಿಲ್ಲ, ಸುಮ್ನೆ ಸೊನ್ನೆ ಬರುತ್ತದೆ. ಒಬ್ಬ ರೈತನ ಒಟ್ಟು ಲೀಟರ್ 0 ಎಂದು ಬಂದು, ಬಿಲ್ ಪ್ರಿಂಟ್ ಕೂಡ ಆಗಿಹೋಗಬಹುದು. ಎಂಟಿಟಿಯಲ್ಲಿ ಫೈನಲ್ ಪದವನ್ನು ಹುಡುಕಿ, ಮೆಥಡ್‌ಗಳ ಮೇಲಿದ್ದರೆ ತೆಗೆಯಿರಿ.

## ಲೇಜಿ ಎಂದು ಬರೆದಿದ್ದೀನಿ, ಆದರೂ ಕೂಡಲೇ ಲೋಡ್ ಆಗುತ್ತಿದೆ

ನಿಜಕ್ಕೂ ಬರೆದಿದ್ದೀರಾ, ಮೊದಲು ನೋಡಿ. ಜೆಪಿಎ (ಹೈಬರ್ನೇಟ್ ಪಾಲಿಸುವ ಜಾವಾ ಮಾನದಂಡ) ಪ್ರಕಾರ ಮೆನಿ ಟು ಒನ್, ಒನ್ ಟು ಒನ್ ಎರಡೂ ಡೀಫಾಲ್ಟ್ ಆಗಿ ಈಗರ್. ಒನ್ ಟು ಮೆನಿ, ಮೆನಿ ಟು ಮೆನಿ ಡೀಫಾಲ್ಟ್ ಆಗಿ ಲೇಜಿ. ಒಂಟಿ ಕಡೆಗೆ ನೀವೇ ಕೈಯಾರೆ ಲೇಜಿ ಬರೆಯಬೇಕು.

ಬರೆದಿದ್ದರೂ ಆಗುತ್ತಿಲ್ಲವಾ? ಕ್ಲಾಸ್ ಫೈನಲ್ ಇದೆಯಾ ನೋಡಿ. ಫೈನಲ್ ಕ್ಲಾಸಿಗೆ ಸಬ್‌ಕ್ಲಾಸ್ ಆಗುವುದಿಲ್ಲ, ಪ್ರಾಕ್ಸಿಯೂ ಇಲ್ಲ. ಕೋಟ್ಲಿನ್ ಬಳಸುವವರಿಗೆ ಇದು ಜಾಸ್ತಿ ಕಾಡುತ್ತದೆ, ಅಲ್ಲಿ ಕ್ಲಾಸ್ ಹುಟ್ಟುವುದೇ ಫೈನಲ್ ಆಗಿ. ಆಲ್ ಓಪನ್ ಪ್ಲಗಿನ್ ಹಾಕಿ ಎಂಟಿಟಿ ಅನೋಟೇಶನ್ ಇರುವ ಕ್ಲಾಸುಗಳನ್ನು ಅದಕ್ಕೆ ತೋರಿಸಿ. ಹಳೆಯ ಕೋಟ್ಲಿನ್ ವರ್ಷನ್‌ಗಳಲ್ಲಿ ಜೆಪಿಎ ಪ್ಲಗಿನ್ ಒಂದೇ ಸಾಲದು, ಅದು ಖಾಲಿ ಕನ್‌ಸ್ಟ್ರಕ್ಟರ್ ಮಾತ್ರ ಮಾಡಿಕೊಡುತ್ತದೆ.

ಇನ್ನು ಒನ್ ಟು ಒನ್‌ನಲ್ಲಿ ಮ್ಯಾಪ್ಡ್ ಬೈ ಇರುವ ಕಡೆ. ಫಾರಿನ್ ಕೀ ಎದುರಿನ ಟೇಬಲ್ಲಿನಲ್ಲಿದೆ. ಅಲ್ಲಿ ಸಾಲು ಇದೆಯೋ ಇಲ್ಲವೋ ಎಂದು ಕ್ವೆರಿ ಮಾಡದೆ ಗೊತ್ತಾಗುವುದಿಲ್ಲ. ಇಲ್ಲದಿದ್ದರೆ ನಲ್ ಕೊಡಬೇಕು, ಇದ್ದರೆ ಪ್ರಾಕ್ಸಿ ಕೊಡಬೇಕು. ಹೇಗೂ ಕ್ವೆರಿ ಮಾಡಬೇಕಾದ್ದರಿಂದ ಹೈಬರ್ನೇಟ್ ಪೂರ್ತಿ ತಂದುಬಿಡುತ್ತದೆ. ಮ್ಯಾಪ್ಸ್ ಐಡಿ ಬಳಸಿ ಎರಡೂ ಟೇಬಲ್ಲಿಗೆ ಒಂದೇ ಪ್ರೈಮರಿ ಕೀ ಇಟ್ಟರೆ ಈ ಕಡೆಯ ಫೀಲ್ಡನ್ನೇ ತೆಗೆದುಹಾಕಬಹುದು. ಬೇಕಾದಾಗ ಅದೇ ಐಡಿಯಿಂದ ಹುಡುಕಿದರಾಯಿತು.

## ಒಮ್ಮೆ ಕಾಸ್ಟ್ ಆಗುತ್ತದೆ, ಒಮ್ಮೆ ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್

ಪಾವತಿ ಎಂಬ ತಂದೆ ಕ್ಲಾಸ್, ಅದರ ಕೆಳಗೆ ಬ್ಯಾಂಕ್ ಪಾವತಿ, ನಗದು ಪಾವತಿ ಎಂದು ಎರಡು. ಲೇಜಿ ಫೀಲ್ಡಿನ ಟೈಪ್ ಪಾವತಿ. ಪ್ರಾಕ್ಸಿ ಹುಟ್ಟುವಾಗ ಅದು ಬ್ಯಾಂಕಿನದೋ ನಗದಿನದೋ ಹೈಬರ್ನೇಟ್‌ಗೆ ಗೊತ್ತಿಲ್ಲ, ಪಾವತಿಯ ಪ್ರಾಕ್ಸಿ ಮಾಡುತ್ತದೆ. ಆಮೇಲೆ ಒಳಗೆ ಬ್ಯಾಂಕ್ ಪಾವತಿ ತುಂಬಿದರೂ ಹೊರಗಿನ ಚಿಪ್ಪು ಪಾವತಿಯದೇ. ಕಾಸ್ಟ್ ಒಡೆಯುತ್ತದೆ.

"ಒಮ್ಮೊಮ್ಮೆ ಮಾತ್ರ" ಯಾಕೆ? ಒಂದು ಸೆಷನ್‌ನಲ್ಲಿ ಒಂದು ಐಡಿಗೆ ಪ್ರಾಕ್ಸಿ ಮೊದಲು ಹುಟ್ಟಿದ್ದರೆ, ಆಮೇಲೆ ಫೈಂಡ್ ಎಂದು ಕೇಳಿದರೂ ಅದೇ ಪ್ರಾಕ್ಸಿ ನಿಮ್ಮ ಕೈಗೆ ಬರಬಹುದು. ಮುಂಚೆ ಯಾರೂ ಪ್ರಾಕ್ಸಿ ಮಾಡಿಲ್ಲದಿದ್ದರೆ ನಿಜವಾದ ಆಬ್ಜೆಕ್ಟ್ ಬರುತ್ತದೆ. ಹಾಗಾಗಿ ನಿಮ್ಮ ಕೋಡ್ ಬದಲಾಗದೆ, ಅದಕ್ಕೂ ಮುಂಚೆ ಓಡಿದ ಇನ್ನಾವುದೋ ಕೋಡಿನಿಂದ ಫಲ ಬದಲಾಗುತ್ತದೆ. ಕಾಸ್ಟ್ ಮಾಡುವ ಮುನ್ನ ಹೈಬರ್ನೇಟ್ ಕ್ಲಾಸಿನ ಅನ್‌ಪ್ರಾಕ್ಸಿ ಮೆಥಡ್ ಕರೆಯಿರಿ. ಇನ್ನೂ ಒಳ್ಳೆಯದು, ಕಾಸ್ಟೇ ಬೇಡದಂತೆ ಆ ಕೆಲಸವನ್ನು ಪಾವತಿ ಕ್ಲಾಸಿನ ಮೆಥಡ್ ಮಾಡಿಬಿಡಿ.

## ಜೇಸನ್ ಕಳಿಸುವಾಗ "ಬೈಟ್ ಬಡ್ಡಿ ಇಂಟರ್ಸೆಪ್ಟರ್‌ಗೆ ಸೀರಿಯಲೈಸರ್ ಇಲ್ಲ"

ಕಂಟ್ರೋಲರಿನಿಂದ ಎಂಟಿಟಿಯನ್ನೇ ನೇರವಾಗಿ ಹಿಂದಿರುಗಿಸಿದ್ದೀರಿ. ಜೇಸನ್ ಬರೆಯುವ ಲೈಬ್ರರಿಯಾದ ಜ್ಯಾಕ್ಸನ್, ಪ್ರಾಕ್ಸಿಯ ಒಳಗಿನ ಇಂಟರ್ಸೆಪ್ಟರನ್ನೂ ಡೇಟಾ ಎಂದುಕೊಂಡು ಬರೆಯಲು ಹೋಗಿದೆ. ಹೈಬರ್ನೇಟ್ ಲೇಜಿ ಇನಿಷಿಯಲೈಸರ್ ಎಂಬ ಪ್ರಾಪರ್ಟಿಯನ್ನು ಇಗ್ನೋರ್ ಮಾಡಿದರೆ ಸಂದೇಶ ಹೋಗುತ್ತದೆ. ಆದರೆ ಜ್ಯಾಕ್ಸನ್ ಎಲ್ಲ ಗೆಟ್ಟರುಗಳನ್ನೂ ಕರೆಯುತ್ತಲೇ ಇರುತ್ತದೆ, ಎಲ್ಲ ಪ್ರಾಕ್ಸಿಯೂ ತುಂಬುತ್ತದೆ, ಯಾರೂ ಕೇಳದ ಸದಸ್ಯನ ಬ್ಯಾಂಕ್ ಖಾತೆ ನಂಬರ್ ಕೂಡ ಬ್ರೌಸರಿಗೆ ಹೋಗುತ್ತದೆ. ಇದು ಬರೀ ವೇಗದ ಮಾತಲ್ಲ, ಜನರ ಮಾಹಿತಿಯ ಮಾತು. ಡಿಟಿಒ ಬರೆಯಿರಿ.

## ಐಡಿ ಇದೆ, ಮುಟ್ಟಿದರೆ "ಅನೇಬಲ್ ಟು ಫೈಂಡ್"

ಗೆಟ್ ರೆಫರೆನ್ಸ್ ಡೇಟಾಬೇಸನ್ನು ಕೇಳದೆಯೇ ಪ್ರಾಕ್ಸಿ ಕೊಡುತ್ತದೆ. ಇಲ್ಲದ ಐಡಿ ಕೊಟ್ಟರೂ ಕೊಡುತ್ತದೆ. ಮುಟ್ಟಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಇದ್ದಾನೋ ಇಲ್ಲವೋ ಗೊತ್ತಾಗಬೇಕಾದ ಕಡೆ ಫೈಂಡ್ ಬಳಸಿ.

ಗೆಟ್ ರೆಫರೆನ್ಸ್ ಬಳಸಿಯೇ ಇಲ್ಲ ಅಂದರೆ ಡೇಟಾ ಕೆಟ್ಟಿದೆ. ಫಾರಿನ್ ಕೀ ಕನ್‌ಸ್ಟ್ರೇಂಟ್ ಇಲ್ಲದ ಹಳೇ ಟೇಬಲ್ಲಿನಿಂದ ಸದಸ್ಯನನ್ನು ಅಳಿಸಿದ್ದಾರೆ, ಎಂಟ್ರಿ ಉಳಿದಿದೆ. ನಾಟ್ ಫೌಂಡ್ ಅನೋಟೇಶನ್‌ಗೆ ಇಗ್ನೋರ್ ಕೊಟ್ಟು ಮುಚ್ಚಬೇಡಿ, ಅದನ್ನು ಹಾಕಿದರೆ ಆ ಫೀಲ್ಡ್ ಈಗರ್ ಆಗಿಬಿಡುತ್ತದೆ. ಅನಾಥ ಸಾಲುಗಳನ್ನು ಅಳಿಸಲೂ ಹೋಗಬೇಡಿ. ಬ್ಯಾಕಪ್ ತಗೊಳ್ಳದೆ, ಆ ಡೇಟಾದ ಜವಾಬ್ದಾರಿ ಇರುವವರನ್ನು ಕೇಳದೆ ಡಿಲೀಟ್ ಓಡಿಸಬೇಡಿ. ಅದು ಯಾರದೋ ಹಾಲಿನ ಲೆಕ್ಕ.

## ಜನ ಜಾಸ್ತಿ ಬಂದ ಹೊತ್ತಿಗೆ ಎಲ್ಲ ಪುಟವೂ 30 ಸೆಕೆಂಡ್ ನಿಂತು ಬೀಳುತ್ತಿದೆ

"ಕನೆಕ್ಷನ್ ಈಸ್ ನಾಟ್ ಅವೈಲಬಲ್" ಎಂದು ಹಿಕಾರಿ (ಡೇಟಾಬೇಸ್ ಕನೆಕ್ಷನ್‌ಗಳನ್ನು ಪೂಲಿನಲ್ಲಿ ಇಟ್ಟು ಹಂಚುವ ಲೈಬ್ರರಿ) ಹೇಳುತ್ತಿದ್ದರೆ ಪೂಲ್ ಖಾಲಿ. ಡೀಫಾಲ್ಟ್ ಪೂಲಿನಲ್ಲಿ ಕನೆಕ್ಷನ್ 10, ಕಾಯುವುದು 30 ಸೆಕೆಂಡ್. ಸಂಖ್ಯೆ ಹೆಚ್ಚಿಸುವ ಮುನ್ನ ಓಪನ್ ಇನ್ ವ್ಯೂ ನೋಡಿ. ಅದು ಆನ್ ಇದ್ದರೆ ಒಂದು ಸಲ ಕ್ವೆರಿ ಮಾಡಿದ ರಿಕ್ವೆಸ್ಟ್ ಪೂರ್ತಿ ಮುಗಿಯುವವರೆಗೂ ಕನೆಕ್ಷನ್ ಹಿಡಿದುಕೊಂಡಿರುತ್ತದೆ, ನಡುವೆ ಎಸ್‌ಎಂಎಸ್ ಕಳಿಸುವ ಸರ್ವರಿಗೆ ಕಾಯುತ್ತಿದ್ದರೂ ಬಿಡುವುದಿಲ್ಲ. ಹತ್ತು ಜನ ಹಾಗೆ ಕಾದರೆ ಹನ್ನೊಂದನೆಯವರಿಗೆ ಇಲ್ಲ. ಅದನ್ನು ಆಫ್ ಮಾಡಿ. ಆದರೆ ಪ್ರೊಡಕ್ಷನ್‌ನಲ್ಲಿ ನೇರವಾಗಿ ಅಲ್ಲ. ಅದು ಇಷ್ಟು ದಿನ ಮುಚ್ಚಿಟ್ಟಿದ್ದ "ನೋ ಸೆಷನ್" ತಪ್ಪುಗಳೆಲ್ಲ ಒಟ್ಟಿಗೆ ಎದ್ದು ಬರುತ್ತವೆ. ಟೆಸ್ಟ್ ಸರ್ವರಿನಲ್ಲಿ ಆಫ್ ಮಾಡಿ, ಒಂದೊಂದು ಪುಟ ತೆರೆದು, ಒಡೆದದ್ದನ್ನು ಸರಿಮಾಡಿ, ಆಮೇಲೆ ಮೇಲೆ ಹಾಕಿ.

## ಯಾವಾಗ ಕೈಬಿಟ್ಟು ಬೇರೆಯವರನ್ನು ಕರೆಯಬೇಕು

ಪ್ರೊಡಕ್ಷನ್ ಡೇಟಾ ತಿದ್ದಬೇಕಾಗಿ ಬಂದರೆ ಅಲ್ಲೇ ನಿಲ್ಲಿ, ಡೇಟಾಬೇಸ್ ನೋಡಿಕೊಳ್ಳುವವರನ್ನು ಕರೆಯಿರಿ. ದುಡ್ಡಿನ ಮೊತ್ತ ತಪ್ಪಾಗಿ ಬಂದಿದ್ದರೆ ಕೋಡ್ ಸರಿಮಾಡುವ ಮುಂಚೆ ಬಟವಾಡೆ ನಿಲ್ಲಿಸಲು ಹೇಳಿ. ದೋಷ ಲೋಡ್ ಇದ್ದಾಗ ಮಾತ್ರ, ಅದೂ ಬೇರೆ ಬೇರೆ ಸಂದೇಶದಲ್ಲಿ ಬರುತ್ತಿದ್ದರೆ ಥ್ರೆಡ್‌ಗಳ ನಡುವೆ ಸೆಷನ್ ಹಂಚಿಕೆ ಆಗಿರಬಹುದು. ಅದನ್ನು ಒಬ್ಬರೇ ರಾತ್ರಿ ಕೂತು ಹುಡುಕಬೇಡಿ, ಇನ್ನೊಬ್ಬರ ಕಣ್ಣು ಬೇಕು.

ಸಹಾಯ ಕೇಳುವಾಗ ಪೂರ್ತಿ ಸ್ಟಾಕ್ ಟ್ರೇಸ್, ಹೈಬರ್ನೇಟ್ ಮತ್ತು ಸ್ಪ್ರಿಂಗ್ ಬೂಟ್ ವರ್ಷನ್, ಆ ಒಂದು ರಿಕ್ವೆಸ್ಟಿನ ಎಸ್‌ಕ್ಯೂಎಲ್ ಲಾಗ್, ಎರಡೂ ಎಂಟಿಟಿಗಳ ಮ್ಯಾಪಿಂಗ್ ಕೊಡಿ. ಜೊತೆಗೆ ಆಬ್ಜೆಕ್ಟನ್ನು ತಂದ ಸಾಲು ಯಾವುದು, ಮೊದಲು ಮುಟ್ಟಿದ ಸಾಲು ಯಾವುದು ಎಂದು ಎರಡು ಲೈನ್ ನಂಬರ್ ಬರೆಯಿರಿ. ಕಳಿಸುವ ಮುಂಚೆ ಲಾಗ್‌ನಲ್ಲಿರುವ ಹೆಸರು, ಫೋನ್ ನಂಬರುಗಳನ್ನು ಅಳಿಸಿ.